ದುರ್ವಾಸನೆ ಮರ ಮತ್ತು ಕ್ಯಾನ್ಸರ್ ಔಷಧಿ

ಕೊಡಗನ್ನೂ ಒಳಗೊಂಡ ಪಶ್ಚಿಮಘಟ್ಟದ ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಡಿಯಲ್ಲಿ, ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಂದು ಸಣ್ಣ ಮರ ಬೆಳೆಯುತ್ತದೆ. ಹೂವು ನಾರುವುದರಿಂದ ಜನ ಅದನ್ನು ದುರ್ವಾಸನೆ ಮರವೆನ್ನುತ್ತಾರೆ. ಸಸ್ಯವಿಜ್ಞಾನಿಗಳು ನೊಥಾಪೊಡೈಟಿಸ್ ನಿಮ್ಮೋನಿಯಾನ ಎನ್ನುತ್ತಾರೆ. ಬೀಟೆ, ತೇಗಗಳಂತೆ ನಾಟಾಕ್ಕೆ ಒದಗುವ ಮರವಲ್ಲ. ಆದರೆ 1972ರಲ್ಲಿ ಮುಂಬಯಿಯಲ್ಲಿ ಸಂಶೋಧನೆ ನಡೆಸುತ್ತಿದ್ದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಇದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕವಿದೆಯೆಂದು ತೋರಿಸಿದರು. ಕರುಳು, ಅಂಡಾಶಯ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಇಂದು ಜಗತ್ತಿನಾದ್ಯಂತ ಕೊಡಲಾಗುವ ಕೆಲವು ಔಷಧಿಗಳ ಮೂಲ ಈ ರಾಸಾಯನಿಕವೇ.

ಅದನ್ನು ಮೊದಲು ಕಂಡುಹಿಡಿದದ್ದು ಚೀನಾ ಮೂಲದ ಬೇರೊಂದು ಮರದಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 1960ರಿಂದ 1982ರವರೆಗೆ ಸುಮಾರು 35,000 ಸಸ್ಯ ಮಾದರಿಗಳ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿತು. ಆ ಕಾರ್ಯಕ್ರಮದಲ್ಲಿ ದುಡಿದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿದ ಮನಸುಖ್ ವಾನಿ 1966ರಲ್ಲಿ ಕ್ಯಾಂಪ್ಟೊಥೆಸಿನ್‌ನ ರಚನೆಯನ್ನು ಪ್ರಕಟಿಸಿದರು. ಐದು ವರ್ಷಗಳ ನಂತರ ಯೂ ಮರದ ತೊಗಟೆಯಲ್ಲಿರುವ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧಿಯ ರಚನೆಯನ್ನು ಬಿಡಿಸಿದವರೂ ಇವರೇ. ಇಷ್ಟೊಂದು ಸಸ್ಯಗಳನ್ನು ಶೋಧಿಸಿದ ಮೇಲೆ ಆ ಕಾರ್ಯಕ್ರಮದಿಂದ ಔಷಧಿಯ ಮಟ್ಟಕ್ಕೆ ಏರಿದವು ಬೆರಳೆಣಿಕೆಯಷ್ಟು ಮಾತ್ರ. ‘ಈ ಸೊಪ್ಪು ಕ್ಯಾನ್ಸರನ್ನು ಗುಣಪಡಿಸುತ್ತದೆ’ ಎಂಬ ಮಾತು ಕೇಳಿಬಂದಾಗಲೆಲ್ಲ ನಾನು ಈ ಅನುಪಾತವನ್ನು ನೆನೆಯುತ್ತೇನೆ.

ಕ್ಯಾಂಪ್ಟೊಥೆಸಿನ್ ಕೂಡ ಮೊದಲ ಯತ್ನದಲ್ಲಿ ಸೋತಿತು. ಅದು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ, ಅಣುವಿನಲ್ಲಿರುವ ಲ್ಯಾಕ್ಟೋನ್ ಎಂಬ ಉಂಗುರವನ್ನು ಬಿಡಿಸಿ, ಸೋಡಿಯಂ ಲವಣವಾಗಿ ಪರಿವರ್ತಿಸಿ ರೋಗಿಗಳಿಗೆ ಕೊಡಲಾಯಿತು. ಹಾಗೆ ತೆರೆದ ಉಂಗುರಕ್ಕೆ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಶಕ್ತಿ ಅತ್ಯಲ್ಪ. ಆದರೆ ಆಮ್ಲೀಯವಾದ ಮೂತ್ರದಲ್ಲಿ ಅದೇ ಉಂಗುರ ಮತ್ತೆ ಮುಚ್ಚಿಕೊಂಡು, ಮೂತ್ರಕೋಶದ ಒಳಪದರವನ್ನು ಸುಟ್ಟು ರಕ್ತಸ್ರಾವ ಉಂಟುಮಾಡಿತು. ಗೆಡ್ಡೆಯ ಹತ್ತಿರ ನಿಸ್ತೇಜವಾಗಿದ್ದ ಔಷಧಿ ಬೇಡದ ಜಾಗದಲ್ಲಿ ಉಗ್ರವಾಯಿತು. 1970ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು.

ಅದಕ್ಕೆ ಮರುಜೀವ ಬಂದದ್ದು 1985ರಲ್ಲಿ, ಅದು ಕೋಶದೊಳಗೆ ಏನು ಮಾಡುತ್ತದೆಂಬುದು ತಿಳಿದಾಗ. ಕೋಶವೊಂದು ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಎರಡೆಳೆಯ ಹಗ್ಗವನ್ನು ಒಂದು ತುದಿಯಿಂದ ಬಿಚ್ಚುತ್ತ ಹೋದರೆ ಮುಂದಿನ ಭಾಗದಲ್ಲಿ ಹುರಿ ಬಿಗಿಯುತ್ತದಲ್ಲ, ಡಿಎನ್‌ಎಯಲ್ಲೂ ಹಾಗೆಯೇ ಆಗುತ್ತದೆ. ಆಗ ಟೋಪೋಐಸೋಮರೇಸ್-1 ಎಂಬ ಕಿಣ್ವವು ಒಂದೆಳೆಯನ್ನು ಕತ್ತರಿಸಿ, ಬಿಗಿಯನ್ನು ಸಡಿಲಿಸಿ, ಮರಳಿ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಸರಿಯಾಗಿ ಆ ಕತ್ತರಿಸಿದ ಜಾಗದಲ್ಲಿ ಹೋಗಿ ಕುಳಿತು, ಜೋಡಣೆಯನ್ನು ತಡೆಯುತ್ತದೆ. ಹಿಂದಿನಿಂದ ಬರುವ ನಕಲುಯಂತ್ರ ಅಲ್ಲಿಗೆ ತಲುಪುತ್ತಿದ್ದಂತೆ ಎರಡೂ ಎಳೆಗಳು ಮುರಿದು ಕೋಶ ಸಾಯುತ್ತದೆ. ಬಿಡುವಿಲ್ಲದೆ ಒಡೆಯುತ್ತಿರುವ ಕ್ಯಾನ್ಸರ್ ಕೋಶಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇದರಿಂದಲೇ. ಅಸ್ಥಿಮಜ್ಜೆ, ಕರುಳಿನ ಒಳಪದರ ಮತ್ತು ಕೂದಲಿನ ಬುಡದ ಕೋಶಗಳೂ ಹಾಗೆಯೇ ವೇಗವಾಗಿ ಒಡೆಯುವುದರಿಂದ ರಕ್ತಕಣಗಳ ಕುಸಿತ, ಭೇದಿ, ಕೂದಲುದುರುವಿಕೆಗಳೂ ಇದರಿಂದಲೇ.

ಗುರಿ ತಿಳಿದ ಮೇಲೆ ರಸಾಯನವಿಜ್ಞಾನಿಗಳು ಅಣುವನ್ನು ತಿದ್ದಿ, ನೀರಿನಲ್ಲಿ ಕರಗುವ ರೂಪಗಳನ್ನು ಮಾಡಿದರು. ಇರಿನೊಟೆಕಾನ್ ಜಪಾನಿನಲ್ಲಿ 1994ರಲ್ಲಿ ಬಳಕೆಗೆ ಬಂತು. 1996ರಲ್ಲಿ ಅಮೆರಿಕದಲ್ಲಿ ಅದಕ್ಕೂ ಟೊಪೊಟೆಕಾನ್‌ಗೂ ಅನುಮತಿ ದೊರೆಯಿತು. ಇತ್ತೀಚೆಗೆ ಈ ಜಾತಿಯ ಅಣುವನ್ನು, ಕ್ಯಾನ್ಸರ್ ಕೋಶದ ಮೇಲ್ಮೈಯನ್ನು ಗುರುತಿಸುವ ಪ್ರತಿಕಾಯಕ್ಕೆ ಕಟ್ಟಿ ನೇರವಾಗಿ ಗೆಡ್ಡೆಗೇ ಕಳುಹಿಸುವ ವಿಧಾನ ಬಂದಿದೆ. 2019ರಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರಿಗಾಗಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಇಂಥದ್ದು.

ಹಾಗಾದರೆ ಈ ವಿಷವನ್ನು ತಯಾರಿಸುವ ಗಿಡ ತಾನೇಕೆ ಸಾಯುವುದಿಲ್ಲ? ಗಿಡದ ಕೋಶದಲ್ಲೂ ಅದೇ ಕಿಣ್ವವಿದೆ. 2008ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು: ಕ್ಯಾಂಪ್ಟೊಥೆಸಿನ್ ತಯಾರಿಸುವ ಸಸ್ಯಗಳ ಕಿಣ್ವದಲ್ಲಿ ಕೆಲವು ಅಮೈನೋ ಆಮ್ಲಗಳು ಬದಲಾಗಿವೆ, ಆದ್ದರಿಂದ ಔಷಧಿ ಅಲ್ಲಿ ಕೂರುವುದಿಲ್ಲ. ಈ ಔಷಧಿಗೆ ಬಗ್ಗದ ಮನುಷ್ಯರ ರಕ್ತಕ್ಯಾನ್ಸರ್ ಕೋಶಗಳಲ್ಲಿ ಕಂಡುಬಂದಿದ್ದ ಒಂದು ಬದಲಾವಣೆ, ಈ ಸಸ್ಯಗಳಲ್ಲೂ ಅದೇ ಸ್ಥಾನದಲ್ಲಿತ್ತು. ಗಿಡ ತನ್ನ ರಕ್ಷಣೆಗೆ ಕಂಡುಕೊಂಡ ಉಪಾಯವನ್ನೇ ಕ್ಯಾನ್ಸರ್ ಕೋಶವೂ ಕಂಡುಕೊಂಡಿತ್ತು. ಈ ವಿಷಯದಲ್ಲಿ ನನ್ನನ್ನು ಇದಕ್ಕಿಂತ ಬೆರಗುಗೊಳಿಸಿದ ಸಂಗತಿ ಬೇರೊಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಮನೆಯ ಹಿತ್ತಲಿನ ಮಾತನ್ನೂ ಆಡಲೇಬೇಕು. ಕೊಡಗಿನಲ್ಲಿ ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದು ಸೊಪ್ಪನ್ನು ಬೇಯಿಸಿ, ಆ ನೇರಳೆ ಬಣ್ಣದ ರಸದಿಂದ ಪಾಯಸ ಮಾಡಿ ಉಣ್ಣುವುದು ಹಿರಿಯರಿಂದ ಬಂದ ಸಂಪ್ರದಾಯ. ಅದರ ಸಾರದಲ್ಲಿ ಆಂಟಿಆಕ್ಸಿಡೆಂಟ್ ಗುಣವಿದೆಯೆಂದು ಪ್ರಯೋಗಾಲಯದ ಅಧ್ಯಯನಗಳು ಹೇಳಿವೆ. ಆದರೆ ಗಾಜಿನ ತಟ್ಟೆಯಲ್ಲಿ ಕಂಡ ಗುಣ ಒಂದು, ರೋಗಿಯ ದೇಹದಲ್ಲಿ ಗೆಡ್ಡೆಯನ್ನು ಕುಗ್ಗಿಸುವುದು ಮತ್ತೊಂದು. ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಉಪ್ಪು ಕೂಡ ಕೊಲ್ಲಬಲ್ಲದು. ಹಬ್ಬದ ಪಾಯಸವನ್ನು ಪ್ರೀತಿಯಿಂದ ಉಣ್ಣೋಣ, ಅದನ್ನು ಕ್ಯಾನ್ಸರ್ ಚಿಕಿತ್ಸೆಯೆನ್ನುವುದು ಬೇಡ. ತೋಟಗಳಲ್ಲಿ ಬೆಳೆಯುವ ಲಕ್ಷ್ಮಣಫಲದ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಅದರ ಎಲೆಯ ಕಷಾಯವನ್ನು ಕ್ಯಾನ್ಸರಿಗೆ ಮದ್ದೆಂದು ಕುಡಿಯುವವರಿದ್ದಾರೆ. ಅದರಲ್ಲಿರುವ ಅನೋನಾಸಿನ್ ಕೋಶದ ಶಕ್ತಿ ಉತ್ಪಾದನೆಯನ್ನೇ ತಡೆಯುವ ವಸ್ತು; ಕೆರಿಬಿಯನ್ ದ್ವೀಪವಾದ ಗ್ವಾಡಲೂಪ್‌ನಲ್ಲಿ ಆ ಹಣ್ಣು ಮತ್ತು ಎಲೆಯ ಸೇವನೆಗೂ ಪಾರ್ಕಿನ್ಸನ್ ರೋಗದಂಥ ನರರೋಗಕ್ಕೂ ಸಂಬಂಧವಿರಬಹುದೆಂದು 1999ರಲ್ಲಿ ವರದಿಯಾಯಿತು. ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕಾದ ರೋಗಿ, ಕಷಾಯವನ್ನು ನಂಬಿ ಕೆಲವು ತಿಂಗಳು ಮನೆಯಲ್ಲೇ ಉಳಿದರೆ ಗುಣವಾಗಬಹುದಾದ ಹಂತವೇ ದಾಟಿಹೋಗುತ್ತದೆ. ದುರ್ವಾಸನೆ ಮರಕ್ಕೂ ಇದೇ ಮಾತು ಅನ್ವಯಿಸುತ್ತದೆ: ಅದರ ತೊಗಟೆಯ ಕಷಾಯ ಔಷಧಿಯಲ್ಲ, ವಿಷ.

ಇನ್ನು ಮರದ ಪಾಡು. ಇರಿನೊಟೆಕಾನ್ ತಯಾರಿಕೆಗೆ ಇಂದಿಗೂ ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್ ಬೇಕು. ಬೇಡಿಕೆ ಏರಿದಾಗ ಪಶ್ಚಿಮಘಟ್ಟದ ಹಲವೆಡೆ ಈ ಮರಗಳನ್ನು ಕಡಿದು ಸಾಗಿಸಲಾಯಿತು. ಕಾಶಿ ಕಣಗಿಲೆಯಿಂದಲೂ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ದೊರೆಯುತ್ತದಾದರೂ, ಅದನ್ನು ಹೊಲದಲ್ಲಿ ಬೆಳೆಯಬಹುದು; ಕಾಡಿನ ಮರ ಹಾಗೆ ಕೆಲವು ತಿಂಗಳಲ್ಲಿ ಬೆಳೆದು ನಿಲ್ಲುವುದಿಲ್ಲ. ಒಂದೇ ಪ್ರಭೇದವಾದರೂ ಮರದಿಂದ ಮರಕ್ಕೆ, ಕಾಡಿನಿಂದ ಕಾಡಿಗೆ ರಾಸಾಯನಿಕದ ಪ್ರಮಾಣ ಬದಲಾಗುತ್ತದೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಹೀಗಾಗಿ ಒಂದು ಕಾಡಿನ ಮರಗಳು ಅಳಿದರೆ, ಹೆಚ್ಚು ಔಷಧಿ ಕೊಡಬಲ್ಲ ತಳಿಯೊಂದು ಗುರುತಾಗುವ ಮೊದಲೇ ಅಳಿಯಬಹುದು. ಮರದ ಒಳಗೆ ಬದುಕುವ ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸಬಲ್ಲದೆಂದು 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಪ್ರಕಟಿಸಿದಾಗ ಮರವನ್ನು ಕಡಿಯುವುದೇ ತಪ್ಪೀತೆಂಬ ಆಸೆ ಹುಟ್ಟಿತ್ತು. ಆದರೆ ಇಂಥ ಶಿಲೀಂಧ್ರಗಳು ಪ್ರಯೋಗಾಲಯದಲ್ಲಿ ತಲೆಮಾರು ಕಳೆದಂತೆ ಆ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತ ಬಂದವು.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ, ಕಾಫಿ ತೋಟಗಳಿಗೆ ಅಂಟಿಕೊಂಡ, ಬಾಣೆ ಎನ್ನುವ ಮರಗಳಿರುವ ಜಮೀನುಗಳಿವೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ನೆರಳಿನಲ್ಲೇ ಬೆಳೆಯುವ ಈ ಮರಕ್ಕೆ ಇವಕ್ಕಿಂತ ಒಳ್ಳೆಯ ನೆಲೆ ಸಿಗಲಾರದು. ಸಿಲ್ವರ್ ಓಕ್ ಸಸಿಗಳ ಜೊತೆಗೆ ದುರ್ವಾಸನೆ ಮರದ ಸಸಿಗಳನ್ನೂ ನರ್ಸರಿಗಳಲ್ಲಿ ಬೆಳೆಸಿ ಬೆಳೆಗಾರರಿಗೆ ಕೊಟ್ಟರೆ, ಬಾಣೆಯ ಅಂಚಿನಲ್ಲಿ ನೆಟ್ಟು ಬೆಳೆಸುವ ಮನಸ್ಸುಳ್ಳವರು ಇಲ್ಲಿ ಖಂಡಿತ ಇದ್ದಾರೆ.