ಲೆನಿನ್‌ಗ್ರಾಡ್ ಕೌಬಾಯ್ಸ್: ಟುಂಡ್ರಾದಿಂದ ಹೆಲ್ಸಿಂಕಿ ಚೌಕದವರೆಗೆ

ಕಾರಿನ ಮೇಲೆ ಒಂದು ಶವಪೆಟ್ಟಿಗೆ ಕಟ್ಟಿದ್ದಾರೆ. ಅದರ ಒಂದು ತುದಿಯ ತೂತಿನಿಂದ ಉದ್ದನೆ ಜುಟ್ಟು ಹೊರಗೆ ಚಾಚಿದೆ, ಇನ್ನೊಂದು ತುದಿಯಿಂದ ಮೊನಚು ಬೂಟು. ಒಳಗೆ ಮಲಗಿರುವುದು ಚಳಿಗೆ ಹೆಪ್ಪುಗಟ್ಟಿದ ಬೇಸ್ ಗಿಟಾರ್ ವಾದಕ. ಅವನನ್ನು ಹೂಳದೆ ತಂಡದವರು ಅಮೆರಿಕ ಪೂರ್ತಿ ಹೊತ್ತು ತಿರುಗುತ್ತಾರೆ.

1989ರಲ್ಲಿ ಫಿನ್ಲೆಂಡಿನ ಅಕಿ ಕೌರಿಸ್ಮಾಕಿ ಮಾಡಿದ ‘ಲೆನಿನ್‌ಗ್ರಾಡ್ ಕೌಬಾಯ್ಸ್ ಗೋ ಅಮೆರಿಕ’ ಸಿನಿಮಾ ಇದು. 80 ನಿಮಿಷವೂ ಇಲ್ಲ. ಟುಂಡ್ರಾದ, ಅಂದರೆ ಉತ್ತರದ ಹಿಮಬಯಲಿನ, ಒಂದು ಹಳ್ಳಿಯ ಬ್ಯಾಂಡ್ ನ್ಯೂಯಾರ್ಕ್‌ಗೆ ಬರುತ್ತದೆ. ಅಲ್ಲಿನ ಏಜೆಂಟ್ ಇವರಿಗೆ ಕೊಡಿಸುವುದು ಮೆಕ್ಸಿಕೊದ ಒಂದು ಮದುವೆಮನೆ ಕಾರ್ಯಕ್ರಮ. ಹಳೇ ಕ್ಯಾಡಿಲಾಕ್ ಕೊಂಡು ಹೊರಡುತ್ತಾರೆ. ಆ ಕಾರು ಮಾರುವವನ ಪಾತ್ರದಲ್ಲಿ ಅಮೆರಿಕದ ನಿರ್ದೇಶಕ ಜಿಮ್ ಜಾರ್ಮುಶ್ ಇದ್ದಾರೆ.

ಈ ತಂಡ ಹುಟ್ಟಿದ್ದು ಹೇಗೆ? ಫಿನ್ಲೆಂಡಿನಲ್ಲಿ ‘ಸ್ಲೀಪಿ ಸ್ಲೀಪರ್ಸ್’ ಅಂತ ಒಂದು ರಾಕ್ ಬ್ಯಾಂಡ್ ಇತ್ತು, ತಮಾಷೆಗೇ ಹೆಸರಾದದ್ದು. ಅದರ ಸಕ್ಕೆ ಯಾರ್ವೆನ್‌ಪಾ ಮತ್ತು ಮಾತೊ ವಾಲ್ಟೊನೆನ್ ಕೌರಿಸ್ಮಾಕಿ ಜೊತೆ ಸೇರಿ ಈ ಹೊಸ ವೇಷ ಕಟ್ಟಿದರು: ಎಲ್ಲರಿಗೂ ಅದೇ ಮುಂದಕ್ಕೆ ಚಾಚಿದ ಜುಟ್ಟು, ಅದೇ ಮೊನಚು ಬೂಟು. ಮೊದಲು ಕಿರುಚಿತ್ರಗಳು ಬಂದವು, ಆಮೇಲೆ ದೊಡ್ಡ ಸಿನಿಮಾ.

ಆ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ. ಲೆನಿನ್ ಹೆಸರಿನ ಸೋವಿಯತ್ ಊರು ಒಂದು ಕಡೆ, ಅಮೆರಿಕದ ಕೌಬಾಯ್ ಇನ್ನೊಂದು ಕಡೆ. ಫಿನ್ಲೆಂಡಿನವರಿಗೆ ಇದು ಸುಮ್ನೆ ಜೋಡಿಸಿದ ಹೆಸರಲ್ಲ. 1917ರವರೆಗೆ ಅವರು ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದರು. 1939ರಿಂದ 1944ರ ನಡುವೆ ಸೋವಿಯತ್ ಜೊತೆ ಎರಡು ಯುದ್ಧ ಮಾಡಿದರು. ಗಡಿಯ ಕರೇಲಿಯಾ ಪ್ರಾಂತ್ಯ ಸೋವಿಯತ್ ಪಾಲಾಗಿ 4 ಲಕ್ಷಕ್ಕೂ ಜಾಸ್ತಿ ಜನ ಮನೆ ತೊರೆದು ಬಂದರು. ಆಮೇಲೆ ಅದೇ ಸೋವಿಯತ್ ಜೊತೆ 1948ರ ಸ್ನೇಹ ಒಪ್ಪಂದ. ಸಾವಿರದ ಮುನ್ನೂರು ಕಿಲೋಮೀಟರ್ ಗಡಿಯ ಆಚೆ ಇದ್ದ ದೊಡ್ಡ ನೆರೆಯವನ ಬಗ್ಗೆ ಮಾತು ತೂಗಿ ಆಡಬೇಕಿತ್ತು. ಇತ್ತ ರೇಡಿಯೊದಲ್ಲಿ, ತೆರೆಯಲ್ಲಿ ಅಮೆರಿಕದ ಹಾಡು, ಅಮೆರಿಕದ ಕನಸು. ಇಬ್ಬರನ್ನೂ ಒಂದೇ ಜುಟ್ಟಿಗೆ ಕಟ್ಟಿದ್ದು ಕೌರಿಸ್ಮಾಕಿ ಧೈರ್ಯ.

ತಂಡದ ಮ್ಯಾನೇಜರ್ ವ್ಲಾದಿಮಿರ್. ಹುಡುಗರಿಗೆ ಹಸಿ ಈರುಳ್ಳಿ ತಿನ್ನಿಸಿ, ತಾನು ಮಾತ್ರ ಶವಪೆಟ್ಟಿಗೆಯ ಐಸಿನಲ್ಲಿ ಬಿಯರ್ ಬಚ್ಚಿಟ್ಟುಕೊಳ್ಳುತ್ತಾನೆ. ಹುಡುಗರು ತಿರುಗಿಬಿದ್ದಾಗ ತೆರೆಮೇಲೆ ‘ಕ್ರಾಂತಿ’ ಎಂಬ ಅಕ್ಷರ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಯಜಮಾನನಾದಾಗ ಬರುವ ಅಕ್ಷರ, ‘ಪ್ರಜಾಪ್ರಭುತ್ವ ಮರಳಿತು’. ಬರ್ಲಿನ್ ಗೋಡೆ ಬಿದ್ದ ವರ್ಷದ ಸಿನಿಮಾ ಇದು, ಅಲ್ವಾ? ಒಬ್ಬರೂ ಭಾಷಣ ಮಾಡುವುದಿಲ್ಲ. ಹಸಿದವರ ಮುಖವನ್ನಷ್ಟೇ ಕ್ಯಾಮೆರಾ ನೋಡುತ್ತದೆ.

ವ್ಲಾದಿಮಿರ್ ಆಗಿದ್ದವರು ಮತ್ತಿ ಪೆಲ್ಲೊನ್‌ಪಾ. ಜೋಲು ಮೀಸೆ, ಸೋತ ಕಣ್ಣು. ಇಂಥ ಜಿಪುಣನನ್ನೂ ನಾವು ದ್ವೇಷಿಸಲಾಗದಂತೆ ಮಾಡುವುದು ಆ ಕಣ್ಣುಗಳೇ. ಕೊನೆಯಲ್ಲಿ ಅವನು ಒಬ್ಬನೇ ಮರುಭೂಮಿಯ ಕಡೆ ನಡೆದುಹೋಗುತ್ತಾನೆ. ಮದುವೆಮನೆಯಲ್ಲಿ ಟೆಕೀಲಾ ಕುಡಿಸಿದ ಮೇಲೆ ಹೆಪ್ಪುಗಟ್ಟಿದ ವಾದಕನಿಗೆ ಜೀವ ಬರುತ್ತದೆ. ಪೆಲ್ಲೊನ್‌ಪಾ 1995ರಲ್ಲಿ, 44ನೇ ವಯಸ್ಸಿಗೇ ತೀರಿಕೊಂಡರು. ನನಗೆ ಆ ಮರುಭೂಮಿಯ ನಡಿಗೆ ಈಗ ನೋಡಲು ಕಷ್ಟ.

ಸಿನಿಮಾ ಮುಗಿದರೂ ಬ್ಯಾಂಡ್ ಮುಗಿಯಲಿಲ್ಲ. ಆ ಜುಟ್ಟು, ಆ ಬೂಟಿನಲ್ಲೇ ನಿಜವಾದ ವೇದಿಕೆ ಹತ್ತಿದರು. ಅಷ್ಟರಲ್ಲಿ 1991ರಲ್ಲಿ ಲೆನಿನ್‌ಗ್ರಾಡ್ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು, ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಊರಿನ ಹೆಸರು ಹೋಯಿತು, ತಂಡದ ಹೆಸರು ಉಳಿಯಿತು.

1993ರ ಜೂನ್ 12. ಹೆಲ್ಸಿಂಕಿಯ ಸೆನೆಟ್ ಚೌಕ. ಅಲ್ಲಿ ಇಂದಿಗೂ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಪ್ರತಿಮೆ ಇದೆ. ಸುಮಾರು 70,000 ಜನ ಸೇರಿದ್ದರು. ಜುಟ್ಟಿನ ಹುಡುಗರ ಹಿಂದೆ ನಿಂತದ್ದು ಅಲೆಕ್ಸಾಂದ್ರೋವ್ ತಂಡ, ಒಂದು ಕಾಲದ ಕೆಂಪು ಸೇನೆಯ ಗಾಯಕವೃಂದ. ಸಮವಸ್ತ್ರ, ಟೋಪಿ ಎಲ್ಲ ಹಾಗೇ ಇತ್ತು. ರಷ್ಯಾದ ಹೆಸರಾಂತ ಹಾಡು ‘ಕಾಲಿಂಕಾ’ ಹಾಡಿದರು. ಕೌರಿಸ್ಮಾಕಿ ಇದನ್ನೂ ಚಿತ್ರೀಕರಿಸಿಕೊಂಡರು. ಅದರಲ್ಲಿ ನೋಡಬಹುದು: ಅಜ್ಜಂದಿರ ಕಾಲದಲ್ಲಿ ಯುದ್ಧ ಮಾಡಿದ ಎರಡು ದೇಶದವರು ಒಂದೇ ವೇದಿಕೆಯಲ್ಲಿ ನಿಂತು, ಗಂಟಲು ಬಿಟ್ಟು, ಅಮೆರಿಕದ ‘ಹ್ಯಾಪಿ ಟುಗೆದರ್’ ಹಾಡುತ್ತಿದ್ದಾರೆ.