ಜಪಾನೀಯರ ಸೊನ್ನೆ

ಜಪಾನಿ ಭಾಷೆಯ ಹಿರಗಾನ ಅಕ್ಷರಮಾಲೆಯ ಕಟ್ಟಕಡೆಯಲ್ಲಿ ಒಂದೇ ಎಳೆಯ ಅಕ್ಷರವೊಂದಿದೆ: ಮೇಲಿನಿಂದ ಎಡಕ್ಕೆ ಓರೆಯಾಗಿ ಇಳಿದು, ಅದೇ ಗೆರೆಯ ಮೇಲೆ ಅರ್ಧ ಹತ್ತಿ, ಅಲೆಯಂತೆ ಬಾಗಿ ಬಲಕ್ಕೆ ಏಳುತ್ತದೆ. ಕಲಿಕೆಯ ಪಟ್ಟಿಗಳಲ್ಲಿ ಅದರೆದುರು ‘ನ್’ ಎಂದಿರುತ್ತದೆ. ದಯವಿಟ್ಟು ಅದನ್ನು ಹೊಡೆದುಹಾಕಿ ಸೊನ್ನೆ ಬರೆದುಕೊಳ್ಳಿ.

ಅಂಗಡಿ, ಅಂಚು, ಅಂಟು, ಅಂದ, ಅಂಬಲಿ ಎಂದು ಗಟ್ಟಿಯಾಗಿ ಹೇಳಿನೋಡಿ. ಬರೆದದ್ದು ಒಂದೇ ಸೊನ್ನೆ, ಬಾಯಲ್ಲಿ ಹುಟ್ಟಿದ್ದು ಐದು ಅನುನಾಸಿಕ. ಮುಂದಿನ ವ್ಯಂಜನದ ಜಾಗಕ್ಕೆ ನಾಲಿಗೆಯೋ ತುಟಿಯೋ ಮೊದಲೇ ಹೋಗಿ ಕಾಯುತ್ತದೆ. ಜಪಾನಿಯಲ್ಲೂ ಹಾಗೆಯೇ. ಮೂರಕ್ಕೆ ‘ಸಂ’ ಎನ್ನುತ್ತಾರೆ. ಸಂಗತ್ಸು (ಮಾರ್ಚ್) ಎನ್ನುವಾಗ ಅದು ಙ್, ಸಂದೊ (ಮೂರು ಸಲ) ಎನ್ನುವಾಗ ನ್, ಸಂಪುಂ (ಮೂರು ನಿಮಿಷ) ಎನ್ನುವಾಗ ಮ್. ರೋಮನ್ ಲಿಪಿ ನಂಬಿದವರು ‘ಸನ್‌ಪುನ್’ ಎಂದು ಎಡವುವಲ್ಲಿ ಕನ್ನಡದ ನಾಲಿಗೆ ತಾನಾಗಿ ದಾರಿ ಹಿಡಿಯುತ್ತದೆ.

ನಾವು ತಪ್ಪುವುದು ಬೇರೆ ಕಡೆ. ಮಾತಿನ ಕೊನೆಯಲ್ಲಿ ನಾವು ತುಟಿ ಮುಚ್ಚಿ ಮ್ ಎನ್ನುತ್ತೇವೆ, ಇಲ್ಲವೇ ನಾಲಿಗೆಯನ್ನು ಹಲ್ಲಿಗೊತ್ತಿ ನ್ ಎನ್ನುತ್ತೇವೆ. ಜಪಾನಿಯಲ್ಲಿ ಸಾಮಾನ್ಯವಾಗಿ ನಾಲಿಗೆಯ ಹಿಂಭಾಗ ಕಿರುನಾಲಿಗೆಯತ್ತ ಏರುತ್ತದೆ, ತುದಿ ಸುಮ್ಮನಿರುತ್ತದೆ. ಮುಂದೆ ಸ್ವರ ಬಂದರೆ ಇನ್ನೂ ಎಚ್ಚರ ಬೇಕು. ‘ಕಿಂ-ಎಂ’ ಅಂದರೆ ಧೂಮಪಾನ ನಿಷೇಧ. ಸಂಧಿ ಮಾಡಿ ‘ಕಿನೆಂ’ ಎಂದಿರೋ, ಅದು ಸ್ಮರಣೆ! ನಾಲಿಗೆ ಎಲ್ಲೂ ತಾಗದೆ, ಮೂಗಿನಲ್ಲೇ ಎಳೆದು ಎಕಾರಕ್ಕೆ ಜಾರಬೇಕು.

ಎಷ್ಟು ಎಳೆಯಬೇಕು? ಪೂರ್ತಿ ಒಂದು ಮಾತ್ರೆ. ನಮ್ಮ ಛಂದಸ್ಸಿನಲ್ಲೂ ಸೊನ್ನೆ ಸೇರಿದ ಅಕ್ಷರ ಗುರುವಲ್ಲವೇ? ಶಿಂಬುಂ (ಪತ್ರಿಕೆ) ನಮ್ಮ ಲೆಕ್ಕದಲ್ಲೂ ಅವರ ಲೆಕ್ಕದಲ್ಲೂ 4 ಮಾತ್ರೆ. ಹೈಕುವಿನ 5-7-5 ಎಣಿಸುವುದೂ ಈ ಮಾತ್ರೆಗಳನ್ನೇ. ಕನ್ನಡದಲ್ಲಿ ಅಕ್ಷರ ಎಣಿಸಿ ಹೈಕು ಕಟ್ಟುವವರು ಇದನ್ನು ಗಮನಿಸಬೇಕು.

ಈ ಹೋಲಿಕೆ ಬಾಯಿಯ ರಚನೆಯಿಂದ ಬಂದದ್ದು, ಸಾಲವಲ್ಲ. ಸಾಲ ಹೋಗಿರುವುದು ವರ್ಣಮಾಲೆಯ ಕ್ರಮ. ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳಿಂದಾಗಿ ಅಲ್ಲಿನ ಸಾಲು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ‘ಹ’ ಹಿಂದೆ ‘ಪ’ ಆಗಿತ್ತು, ಹಾಗಾಗಿಯೇ ‘ಮ’ದ ಪಕ್ಕದಲ್ಲಿದೆ. ಜಪಾನೀಯರ ಈ ಸೊನ್ನೆಗೆ ಮಾತ್ರ ಆ ಸಾಲುಗಳಲ್ಲಿ ಮನೆಯಿಲ್ಲ. 47 ಅಕ್ಷರಗಳನ್ನು ಒಂದೊಂದೇ ಸಲ ಬಳಸಿದ ಹಳೆಯ ‘ಇರೊಹಾ’ ಪದ್ಯದಲ್ಲೂ ಅದಿಲ್ಲ. ಹಿರಗಾನದಲ್ಲಿ ಪ್ರತಿ ಧ್ವನಿಗೆ ಒಂದೇ ಅಕ್ಷರರೂಪವೆಂದು ಶಾಲೆಗಳಿಗೆ ಗೊತ್ತುಮಾಡಿದ್ದು 1900ರಲ್ಲಿ.

ಸೊನ್ನೆಯಿಂದ ಕನ್ನಡದ ಪದ ಶುರುವಾಗದು, ಇದರಿಂದ ಜಪಾನಿ ಪದವೂ ಸಾಮಾನ್ಯವಾಗಿ ಶುರುವಾಗದು. ಅಂತ್ಯಾಕ್ಷರಿಯಂಥ ‘ಶಿರಿತೊರಿ’ ಆಟದಲ್ಲಿ ಅಪ್ಪಿತಪ್ಪಿ ‘ರಾಮೆಂ’ (ನೂಡಲ್ಸ್ ತಿನಿಸು) ಎಂದವರು ಅಲ್ಲೇ ಸೋತಂತೆ.