ಕಾದು ನಿಂತ ಕಾರಿನ ಸೆಲ್ಫ್ ಸದ್ದು

ಮೇ ತಿಂಗಳಲ್ಲಿ ವಿಜಯಪುರದಿಂದ ಕೊಲ್ಹಾರದ ಕಡೆ ಹೋಗುವ ರಸ್ತೆಯಲ್ಲಿ ಇಂಜಿನ್ ಬಿಸಿಯಾಗಿ, ಬಾನೆಟ್ ಎತ್ತಿ ನಿಂತ ಹಳೆ ಕಾರು ಕಾಣುವುದು ಹೊಸತೇನಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಅರ್ಧ ತಾಸು ಬಿಟ್ಟು ಕೀ ತಿರುಗಿಸಿದರೂ ಗಾಡಿ ಚಾಲೂ ಆಗದು. ಆಗ ಎಲ್ಲರೂ ಮಾಡುವುದು ಒಂದೇ, ಮತ್ತೆ ಮತ್ತೆ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಹೊಡೆಯುವುದು. ಅದರ ಬದಲು ಒಂದೇ ಸಲ, ಅರೆಕ್ಷಣ ಹೊಡೆದು ಕಿವಿಗೊಟ್ಟರೆ ಅರ್ಧ ರೋಗ ಸದ್ದಿನಲ್ಲೇ ಗೊತ್ತಾಗುತ್ತದೆ.

ಸೆಲ್ಫ್ ಎಂದಿನಂತೆ ತಿರುಗುತ್ತಿದೆ, ಇಂಜಿನ್ ಮಾತ್ರ ಹತ್ತುತ್ತಿಲ್ಲ ಅಂದರೆ ಹೆದರಬೇಡಿ. ಪೆಟ್ರೋಲಿನಲ್ಲಿ ಹಗುರವಾದ ಭಾಗ ಸುಮಾರು 40 ಡಿಗ್ರಿಗೇ ಕುದಿಯತೊಡಗುತ್ತದೆ. ಇಂಜಿನ್ ಆಫ್ ಮಾಡಿದಾಗ ನೀರಿನ ಪಂಪು ನಿಲ್ಲುತ್ತದೆ, ಆದರೆ ಲೋಹದೊಳಗಿನ ಶಾಖ ಎಲ್ಲಿಗೂ ಹೋಗಿರುವುದಿಲ್ಲ. ಹಾಗಾಗಿ ನಿಂತ ಮೇಲೂ ಬಾನೆಟ್ ಒಳಗೆ ಸ್ವಲ್ಪ ಹೊತ್ತು ಬಿಸಿ ಏರುತ್ತಲೇ ಇರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆ ಮಾರುತಿ 800ರಂಥ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅಲ್ಲಿ ಪೆಟ್ರೋಲ್ ಆವಿಯಾದರೆ ಪಂಪು ಆ ಆವಿಯನ್ನು ಸುಮ್ನೆ ಹಿಂಡುತ್ತದೆ, ಮುಂದೆ ತಳ್ಳುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೆರಳಲ್ಲಿ ಕೂತರೆ ಸಾಕು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಕೂಡ ಹೀಗೇ ಬಿಸಿಗೆ ಕೈಕೊಟ್ಟು, ಆರಿದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುವುದುಂಟು.

ಸೆಲ್ಫ್ ಎಳೆದೆಳೆದು ತಿರುಗಿದರೆ? ಸ್ಟಾರ್ಟರ್ ಒಳಗಿನ ತಂತಿ ತಾಮ್ರದ್ದು. ತಾಮ್ರ 100 ಡಿಗ್ರಿ ಹೆಚ್ಚು ಕಾದರೆ ಅದರ ವಿದ್ಯುತ್ ರೋಧ ಹತ್ತಿರಹತ್ತಿರ ಶೇ. 40ರಷ್ಟು ಜಾಸ್ತಿ ಆಗುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಮುಗಿಯಿತು, ಕಾದ ಸ್ಟಾರ್ಟರ್‌ಗೆ ಬೇಕಾದಷ್ಟು ಕರೆಂಟ್ ಸಿಗದು.

ಆದರೆ 'ಟಕ್' ಎಂದು ಗೋಡೆಗೆ ಬಡಿದಂತೆ ನಿಂತರೆ ಕೈ ತೆಗೆಯಿರಿ. ಸಿಲಿಂಡರ್ ಒಳಗೆ ಇಂಜಿನ್ ತಣಿಸುವ ನೀರು ಇಳಿದಿರಬಹುದು. ಗಾಳಿ ಕುಗ್ಗಿದಂತೆ ನೀರು ಕುಗ್ಗುವುದಿಲ್ಲ. ಬಲವಂತ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ನೀರು ಹೊರಬರಲು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಬೇಕು.

ನನ್ನ ಪ್ರಕಾರ ಜನ ಹೆಚ್ಚು ಮೋಸ ಹೋಗುವುದು ಇನ್ನೊಂದು ಸದ್ದಿಗೆ. ಸೆಲ್ಫ್ ಎಂದಿಗಿಂತ ಹಗುರವಾಗಿ, ಸರ್ರನೆ ತಿರುಗುತ್ತದೆ. ಬ್ಯಾಟರಿ ಗಟ್ಟಿ ಇದೆ ಅಂತ ಖುಷಿಪಡುತ್ತೇವೆ. ನಿಜವಾಗಿ ಒಳಗೆ ಕಂಪ್ರೆಷನ್ನೇ, ಅಂದರೆ ಸಿಲಿಂಡರಿನ ಗಾಳಿ ಹಿಂಡಿದಾಗಿನ ಒತ್ತಡವೇ ಇಲ್ಲ. ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟ್ ಹರಿದಿದ್ದರೂ ಹೀಗಾಗುತ್ತದೆ. ಆದರೆ ಕಾದು ನಿಂತ ಗಾಡಿಯಲ್ಲಿ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಸಿಲಿಂಡರುಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ತೆಳು ಪಟ್ಟಿಯ ಮೇಲೆ. ಹಲವು ಹಳೆ ಕಾರುಗಳಲ್ಲಿ ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋಲ್ಟು ಬಿಗಿ ಹಿಡಿದಿರುತ್ತವೆ, ಹೆಡ್ ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ ಬಿಟ್ಟುಕೊಡುತ್ತದೆ. ಆಯಿಲ್ ಕಡ್ಡಿಗೆ ನೀರು ಬೆರೆತ ಬೆಳ್ಳನೆ ನೊರೆ ಅಂಟಿದ್ದರೆ ಅನುಮಾನ ಗಟ್ಟಿ. ಹೊಸ ಗ್ಯಾಸ್ಕೆಟ್ ಹಾಕಿದರಷ್ಟೇ ಸಾಲದು, ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು ಸಮ ಇದೆಯಾ ನೋಡಿಸಬೇಕು.

ಇಂಜಿನ್ ಇಷ್ಟು ಬಿಸಿಯಾಗುವವರೆಗೆ ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಹೇಳಲಿಲ್ಲವೇ? ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ನೀರೆಲ್ಲ ಸೋರಿ ಹೋದಾಗ ಮುಳ್ಳು ಕೆಳಗಿಳಿಯುವುದೂ ಉಂಟು.

ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿ ಇರುವಾಗ ಮುಟ್ಟಬೇಡಿ. ಅದು ಕುಕ್ಕರ್ ಇದ್ದಂತೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಬರೀ ನೀರು 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒತ್ತಡ ಅದನ್ನು 115 ಡಿಗ್ರಿಯ ಆಚೆಗೂ ಕುದಿಯದಂತೆ ಹಿಡಿದಿಡುತ್ತದೆ. ತೆರೆದ ಕೂಡಲೇ ಎಲ್ಲವೂ ಒಮ್ಮೆಲೇ ಕುದ್ದು ಮುಖಕ್ಕೆ ಹಾರುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು.

ಆರಿದ ಮೇಲೆ ಹತ್ತಿರದ ಬೋರ್‌ವೆಲ್ ನೀರು ಹಾಕಿ ಮನೆ ಮುಟ್ಟಬಹುದು. ವರ್ಷಗಟ್ಟಲೆ ಅದನ್ನೇ ಹಾಕಿದರೆ ಸವಳು ನೀರಿನ ಸುಣ್ಣ ರೇಡಿಯೇಟರ್ ಕೊಳವೆಗಳ ಒಳಮೈಗೆ ಕಟ್ಟಿಕೊಳ್ಳುತ್ತದೆ, ಶಾಖ ಹೊರಗೆ ದಾಟಲು ಬಿಡುವುದಿಲ್ಲ. ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕುವುದು ಅದಕ್ಕೇ. ಈಗಾಗಲೇ ಸುಣ್ಣ ಕಟ್ಟಿದ್ದರೆ ನೀರು ಬದಲಿಸಿ ಪ್ರಯೋಜನವಿಲ್ಲ, ರೇಡಿಯೇಟರ್ ಬಿಚ್ಚಿ ತೊಳೆಸಬೇಕು.